ಲಗೇಜು

ಇವತ್ತು ರಜಾ. ಖಾಕಿ ಇಲ್ಲ, ಮೆಷೀನಿಲ್ಲ.
ಹತ್ತೊಂಬತ್ತು ವರ್ಷ ನಿಂತುಕೊಂಡೇ ಹೋದ ದಾರಿಯಲ್ಲಿ
ಕಿಟಕಿ ಪಕ್ಕ ಕೂತಿದ್ದೇನೆ.
ಮಡಿಲಲ್ಲಿ ಕರಿ ಕವರು,
ಕವರೊಳಗೆ ಬೆರಳುದ್ದದ ಬಾಟಲಿ,
ಅದರೊಳಗೆ ಮೂಗಿಗೆ ಹೊಡೆಯುವ ಮದ್ದಿನ ನೀರು,
ನೀರಲ್ಲಿ ಚೂರುಪಾರು ನಾನು.

ಹೆಸರು ಇಂದ್ರಾಣಿ, ವಯಸ್ಸು ನಲವತ್ತೆಂಟು.
ಚೀಟಿ ಅಂಟಿಸಿದ ನರ್ಸು ಎರಡು ಸಲ ಹೇಳಿದಳು:
"ಮೈಸೂರಿನ ಲ್ಯಾಬಿಗೆ ನೀವೇ ಕೊಟ್ಟುಬಿಡಿ ಅಕ್ಕ,
ಅಲ್ಲಾಡಿಸಬೇಡಿ."
ಮದ್ದೂರು ಲೋಕಲ್ ಬಸ್ಸಲ್ಲಿ ಸವೆದವಳಿಗೆ
ಅಲ್ಲಾಡಿಸಬೇಡಿ ಅನ್ನುತ್ತಾಳೆ!

ನಮ್ಮೂರ ನಾಲೆಗೆ ಕಟ್ಟು ನೀರು.
ಹದಿನೈದು ದಿನ ಬಿಡುತ್ತಾರೆ, ಹದಿನೈದು ದಿನ ನಿಲ್ಲಿಸುತ್ತಾರೆ.
ನನ್ನ ಮೈಗೂ ಅಂಥದೊಂದು ಲೆಕ್ಕವಿತ್ತು,
ಡಿಪೋದ ಟೈಮ್ ಕೀಪರ್ ಮೆಚ್ಚಬೇಕು ಹಾಗೆ.
ಹೋದ ದಸರೆಯಿಂದ ಒಳಗಿನ ಸೌಡಿ
ತೂಬು ಎತ್ತಿದವನು ಎಲ್ಲಿ ಹೋಗಿ ಮಲಗಿದನೋ.
ಎರಡು ತಿಂಗಳು ಒಣ ನಾಲೆ,
ಆಮೇಲೆ ಇಪ್ಪತ್ತಾರು ದಿನ
ಬಿಟ್ಟೂ ಬಿಡದೆ.

ಖಾಕಿಯ ಮೇಲೆ ಕಾಣುವುದಿಲ್ಲ ಅಂದುಕೊಂಡಿದ್ದೆ.
ಕಾಣುತ್ತದೆ.
ಒಂದರ ಮೇಲೊಂದು ಎರಡು ಪ್ಯಾಡು,
ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ,
ಬೀಗದ ಕೈ ಇರುವವನು ಟೀಗೆ ಹೋಗಿರುತ್ತಿದ್ದ.
ಟಿಕೆಟ್ ಉರುಳೆಗಿಂತ ಬೇಗ ನಾನು ಮುಗಿಯುತ್ತಿದ್ದೆ.

"ನಿಲ್ಲೋ ಕಾಲ ಕಣವ್ವ," ಅಂದಳು ಅತ್ತಿಗೆ,
"ನಿಲ್ಲೋಕ್ ಮುಂಚೆ ಎಲ್ಲಾರ್ಗೂ ಹಿಂಗೇ ಹೋಯ್ತದೆ."
ದಾಳಿಂಬೆ ಸಿಪ್ಪೆ ಕುದಿಸಿಕೊಟ್ಟಳು, ಕುಡಿದೆ.
ನೂರಡಿ ರಸ್ತೆಯ ಒಬ್ಬ ಡಾಕ್ಟರು
ಸ್ಕ್ಯಾನೂ ಮಾಡಿಸದೆ ಅಂದ,
"ತೆಗೆಸಿಬಿಡಿ, ಇನ್ನು ಯಾಕೆ ಬೇಕು?"
ಗುಜರಿಗೆ ಹಾಕುವ ಬಸ್ಸನ್ನೂ ನಮ್ಮ ಡಿಪೋದಲ್ಲಿ
ಒಂದು ಸಲ ಬಾನೆಟ್ ಎತ್ತಿ ನೋಡುತ್ತಾರೆ.
ಡ್ರೈವರ್ ಮರೀಗೌಡ ಏನೂ ಕೇಳಲಿಲ್ಲ, ಏನೂ ಅನ್ನಲಿಲ್ಲ.
ಹಂಪು ಬಂದಾಗ ಮಾತ್ರ
ಬ್ರೇಕು ಮೆಲ್ಲಗೆ ಒತ್ತುತ್ತಿದ್ದ.

ಗೆಜ್ಜಲಗೆರೆ, ಗೆಜ್ಜಲಗೆರೆ ಎಂದು ಕೂಗುತ್ತಲೇ
ಕಂಬ ಹಿಡಿದ ಕೈ ಜಾರಿತು.
ಕಣ್ಣು ಬಿಟ್ಟಾಗ ಆಸ್ಪತ್ರೆ.
"ರಕ್ತ ಆರೂವರೆ," ಅಂದರು ಯಾರೋ.
ಆರೂವರೆಯ ಮಳವಳ್ಳಿ ಬಸ್ಸು ತಪ್ಪಿಹೋಯಿತಲ್ಲ
ಅಂತ ಗಾಬರಿಯಾದೆ.

ಅಲ್ಲಿಯ ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು.
ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.
"ವಯಸ್ಸಿಂದ ಇರಬಹುದು, ಇಲ್ಲದೆಯೂ ಇರಬಹುದು.
ಒಳಪದರ ದಪ್ಪ ಇದೆ.
ಪರೀಕ್ಷೆ ಮಾಡದೆ ನಾನು ಏನೂ ಹೇಳಲ್ಲ."
ಏನೂ ಹೇಳಲ್ಲ ಅಂದವಳ ಮುಂದೆ
ಮೊದಲ ಸಲ ಅತ್ತೆ.

ಈ ಬಸ್ಸಿನ ಹೊಸ ಹುಡುಗನಿಗೆ ನನ್ನ ಗುರುತಿಲ್ಲ.
ಪಾಸು ಪರ್ಸಲ್ಲೇ ಉಳಿಯಿತು.
"ಆಧಾರ್ ತೋರ್ಸಿ."
ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ.
ದಿನಕ್ಕೆ ಮುನ್ನೂರು ಹೆಂಗಸರಿಗೆ ನಾನು ಹರಿದುಕೊಟ್ಟದ್ದು,
ಎಷ್ಟು ಜನ ಹೀಗೆ ಅಂಚಿನಲ್ಲಿ ಕೂತಿದ್ದರೋ,
ಏಳುವಾಗ ಸೀಟಿನ ಕಡೆ ತಿರುಗಿ ನೋಡಿದರೋ,
ನಾನು ಚಿಲ್ಲರೆ ಕೇಳಿಕೊಂಡು ಮುಂದೆ ಹೋಗಿದ್ದೆ.

"ಕವರಲ್ಲೇನಕ್ಕ, ಲಗೇಜಾ?"
"ಲಗೇಜೇ ಕಣಪ್ಪ."
ಇಬ್ಬರು ಬಾಡಿಗೆ ಕೊಡದೆ
ಒಂಬತ್ತೊಂಬತ್ತು ತಿಂಗಳು ಇದ್ದು ಹೋದ ಮನೆ,
ಅದರ ಗೋಡೆಯಿಂದ ಕೆರೆದ ಗಾರೆ.
ಇಷ್ಟನ್ನೂ ಅವನಿಗೆ ಹೇಳಲಿಲ್ಲ, ಪಾಪ,
ಮುಂದಿನ ಸ್ಟೇಜಿನೊಳಗೆ ಲೆಕ್ಕ ಮುಗಿಸಬೇಕು ಅವನು.

ಶ್ರೀರಂಗಪಟ್ಟಣದ ಸೇತುವೆ.
ಪಕ್ಕದ ಅಜ್ಜಿ ಹೊಳೆಗೆ ಕಾಸು ಎಸೆದು ಕಣ್ಣು ಮುಚ್ಚಿದಳು.
ನನ್ನ ಹತ್ತಿರ ಐದರ ಬಿಲ್ಲೆ ಇತ್ತು.
ಎಸೆಯಲಿಲ್ಲ. ಚಿಲ್ಲರೆಯ ಕಷ್ಟ ನನಗೆ ಗೊತ್ತು.
ವರದಿಗೆ ಎಂಟು ದಿನ ಅಂದಿದ್ದಾರೆ.
ಎಂಟು ದಿನದಲ್ಲಿ ಎಷ್ಟು ಟ್ರಿಪ್ಪು ಅಂತ
ಬೆರಳು ತಾನೇ ಎಣಿಸುತ್ತಿದೆ.

ಮುಂದೆ ಹಂಪಿದೆ.
ಮರೀಗೌಡನಾಗಿದ್ದರೆ ಮೆಲ್ಲಗೆ ಇಳಿಸುತ್ತಿದ್ದ.
ಸೀಟಿಂದ ಒಂದಿಷ್ಟು ಮೇಲೆದ್ದು
ಬಾಟಲಿ ಎರಡು ಕೈಯಲ್ಲಿ ಎತ್ತಿ ಹಿಡಿದೆ,
ಹೊಡೆತ ನನ್ನ ಮೊಣಕಾಲಿಗೇ ಬರಲಿ ಅಂತ.