ಬುಧವಾರ, ನಾಲ್ಕೂವರೆ

ಗ್ದಿನಿಯಾ ಬಂದರಿನಲ್ಲಿ ನಲವತ್ತು ಮೀಟರು ಮೇಲೆ
ಗಾಜಿನ ಗೂಡು. ಹದಿನೇಳು ವರ್ಷ
ಎರಡು ಪಾದಗಳ ನಡುವಿಂದ ಕೆಳಗೆ ನೋಡಿ ನೋಡಿ
ಕತ್ತು ಕೊಕ್ಕೆಯಾಗಿದೆ.

ಆ ಸಲ ಕಂಟೇನರು ಜಾರಿದ್ದು ಒಂದು ಗೇಣು, ಅಷ್ಟೆ.
ಕೆಳಗೆ ಯಾರೂ ಇರಲಿಲ್ಲ.
ಆದರೂ ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ,
ಇರ್ಮಿನಾ ಎಬ್ಬಿಸಿ ನೀರು ಕೊಡುತ್ತಾಳೆ.

ಬೊಗ್ನಾಳ ಕೈ ತಣ್ಣಗೆ, ಮೊದಲ ಎರಡು ನಿಮಿಷ.
ಹೆಬ್ಬೆರಳು ಬೆನ್ನ ಮೇಲೆ ಏನನ್ನೋ ಹುಡುಕುತ್ತ
ಒಂದೆಡೆ ನಿಲ್ಲುತ್ತದೆ. "ಇಲ್ಲೇ" ಎನ್ನುತ್ತಾಳೆ.
ನನಗೇ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಹಾಯೆನಿಸಿತು. ಹೋಗುವುದು ಬಿಟ್ಟೆ.
ಜೂನ್, ಜುಲೈ: ದುಡ್ಡು ಉಳಿಯಿತು, ಮೀನು ಹಿಡಿದೆ.
ಆಗಸ್ಟಿನಲ್ಲೊಂದು ಬೆಳಿಗ್ಗೆ
ಶೂ ಲೇಸು ಕಟ್ಟಲು ಬಗ್ಗಿದವನು
ಹಾಗೇ ಉಳಿದೆ.

ಬೈಯುತ್ತಾಳೆಂದುಕೊಂಡೆ. ಅವಳು ಕೇಳಿದ್ದಿಷ್ಟೆ:
"ಕ್ರೇನಿನ ಉಕ್ಕಿನ ಹಗ್ಗಕ್ಕೆ ಗ್ರೀಸು ಯಾವಾಗ?"
"ಪ್ರತಿ ಸೋಮವಾರ."
"ಕಿರುಗುಟ್ಟಿದರೆ ಮಾತ್ರವೇ?"

ನನ್ನ ಮುಖ ಮೇಜಿನ ತೂತಿನೊಳಗಿತ್ತು,
ಉತ್ತರ ಹೊರಡಲಿಲ್ಲ.
ಕೆಳಗೆ ಅವಳ ಬಿಳಿ ಚಪ್ಪಲಿ, ನೆಲದಲ್ಲೊಂದು ಬಿರುಕು.
ಮೇಲಿಂದ ನೋಡುವುದೇ ನನ್ನ ಕೆಲಸ.
ಇಲ್ಲಿ ಎತ್ತುವಂಥದ್ದು ಏನೂ ಇರಲಿಲ್ಲ.