ಇತರೆ

ಹಾನಿಯ ಫಾರ್ಮಿನಲ್ಲಿ ಐದು ಮನೆ:
ನೆರೆ, ಬರ, ಸಿಡಿಲು, ಆಲಿಕಲ್ಲು, ಬೆಂಕಿ.
ಆರನೆಯದು ಇತರೆ.
ಹದಿನಾಲ್ಕು ವರ್ಷ ಅದರಲ್ಲಿ ಅಡ್ಡಗೆರೆ ಎಳೆದು
ಸಹಿ ಹಾಕಿದ್ದೇನೆ.

ನರಗುಂದದಲ್ಲಿ ಮಳೆಯ ಲೆಕ್ಕ ಬರೆಯುವವನಿಗೆ
ಕೆಲಸ ಕಡಿಮೆ, ಚಿಂತೆ ಜಾಸ್ತಿ.
ರೋಹಿಣಿ ಬರೀ ಗಾಳಿ. ಮಿರಗ ಬಂದರೆ ಬಂತು.
ಬೆಣ್ಣಿಹಳ್ಳ ಹೆಸರಿಗಷ್ಟೇ ಬೆಣ್ಣಿ,
ಏರಿದ ದಿನ ಎಮ್ಮೆಯನ್ನೂ ಬಿಡುವುದಿಲ್ಲ.
ಈ ಸಲ ಹುಬ್ಬಿ ಮಳೆ ಒಂಬತ್ತು ದಿನ ಕೂತಿತು,
ಬಿರುಸಿಲ್ಲ, ಗುಡುಗಿಲ್ಲ,
ಊಟವಾದರೂ ಏಳದ ಬೀಗರ ಹಾಗೆ.

ಹತ್ತನೆಯ ಬೆಳಗ್ಗೆ ಕೆಳಗಿನೋಣಿಯ ಇಮಾಂಬು
ಎರಡನೇ ರೊಟ್ಟಿ ಹಂಚಿಗೆ ಹಾಕಿ
ಕೈ ತೊಳೆಯಲು ಎದ್ದಳು.
ತಿರುಗಿದರೆ ಒಲೆ ಇಲ್ಲ.
ಒಲೆ, ಹಂಚು, ಹಂಚಿನ ಮೇಲಿನ ರೊಟ್ಟಿ
ಸದ್ದೇ ಇಲ್ಲದೆ ಇಳಿದುಹೋಗಿದ್ದವು.
ತೂತಿನಿಂದ ಹೊಗೆ ಮಾತ್ರ ಮೇಲೇಳುತ್ತಿತ್ತು,
ನೆಲದೊಳಗೆ ಇನ್ಯಾರೋ ಅಡಿಗೆ ಹೂಡಿದಂತೆ.

"ಹಗೇವ್ರೀ," ಅಂದ ಹಮಾಲರ ಕುಬೇರಪ್ಪ
ಅಂಚಿನಲ್ಲಿ ಬೋರಲು ಮಲಗಿ ಬ್ಯಾಟರಿ ಬಿಟ್ಟು.
"ಬಾಯಿ ಸಣ್ಣದು, ಹೊಟ್ಟಿ ದೊಡ್ಡದು.
ಇಪ್ಪತ್ತು ಚೀಲ ಜ್ವಾಳ ನುಂಗತಿತ್ತು."

ಬರ ಬಂದೀತೆಂದು ತೋಡಿದ್ದು.
ಬರ ಬಂತು, ಜೋಳ ಕರಗಿತು, ಬರ ಹೋಯಿತು.
ಬಾಯಿಗೆ ಹಾಸುಗಲ್ಲು, ಕಲ್ಲಿನ ಮೇಲೆ ಮಣ್ಣು,
ಮಣ್ಣಿನ ಮೇಲೆ ಸೆಗಣಿ, ಸೆಗಣಿಯ ಮೇಲೆ ಮೊಮ್ಮಕ್ಕಳು,
ಆಮೇಲೆ ಶಹಾಬಾದಿ ಫರ್ಸಿ, ಫ್ರಿಜ್ಜು, ದಿವಾನ.
ಎಲ್ಲೆಲ್ಲಿವೆ ಎಂದು ಬಲ್ಲ ಮುದುಕಿಯರು
ಕಳ್ಳರ ಭಯಕ್ಕೆ ಹೇಳಲಿಲ್ಲ,
ಕೆಲವರು ಸೊಸೆಯ ಮೇಲಿನ ಸಿಟ್ಟಿಗೆ.

ಈಗ ಕುಬೇರಪ್ಪನ ಕೈಯಲ್ಲಿ ಹಾರೆ, ನನ್ನ ಕೈಯಲ್ಲಿ ರಿಜಿಸ್ಟರು.
ಮನೆ ಮನೆ ಹೊಕ್ಕು ನೆಲ ಬಡಿಯುತ್ತೇವೆ.
ಗಟ್ಟಿ ಇದ್ದರೆ ಠಕ್.
ಟೊಳ್ಳಿದ್ದರೆ ಒಂದು ಕ್ಷಣ ತಡೆದು, ಧಬ್.
ಟೇಲರ್ ಅಂಗಡಿಯಲ್ಲಿ ಠಕ್. ಟ್ಯೂಶನ್ ಕ್ಲಾಸಿನಲ್ಲಿ ಠಕ್.
ಬಾಣಂತಿಯ ಮಂಚದ ಕೆಳಗೆ
ಧಬ್.
ಯಾರೂ ಉಸಿರು ಬಿಡಲಿಲ್ಲ. ಕೂಸು ಮಾತ್ರ ಆಕಳಿಸಿತು.
"ನಮ್ಮ ಮನಿಯವರ ಎದೀನೂ
ಡಾಕ್ಟರ್ ಬಡದಾಗ ಹೀಂಗ ಅಂದಿತ್ತು,"
ಎಂದಳು ಬಾಗಿಲಲ್ಲಿ ನಿಂತ ಚಂಬವ್ವ.

ಗದಗಿನಿಂದ ಎಂಜಿನಿಯರ್ ಬಂದು
ಕೂಸಿನ ಗಾಡಿಯಂಥ ಯಂತ್ರ ಉರುಳಿಸಿದರು.
ಪರದೆಯ ಮೇಲೆ ಗೆರೆಗಳು ನಡುಗಿದವು.
"ಭಾಳ ಅದಾವ," ಎಂದರು. ಚಹಾ ಕುಡಿದರು.

ಹೂಗಾರರ ಪಡಸಾಲೆಯ ಹಗೇವಿಗೆ ಮೊದಲು ಕಂದೀಲು ಇಳಿಬಿಟ್ಟೆವು.
ಆರಲಿಲ್ಲ. ಆಮೇಲೆ ಕುಬೇರಪ್ಪ ಇಳಿದ.
ತಳದಲ್ಲಿ ಒಂದು ಬೊಗಸೆ ಜೋಳ, ಇದ್ದಿಲಿನಷ್ಟು ಕಪ್ಪು.
ಒಂದು ಕಾಳು ಬಾಯಿಗಿಟ್ಟು ಕಡಿದು, ಉಗುಳಿ,
"ಹುಳಿ ವಾಸನಿ ಇನ್ನೂ ಐತ್ರಿ," ಎಂದ.
ಯಾರೋ ಹಸಿದುಕೊಂಡು ಉಳಿಸಿದ್ದು.
ಯಾವ ವರ್ಷಕ್ಕೆಂದು?

ಹಾನಿಯ ಕಾರಣ. ಸೂಕ್ತ ಮನೆಯಲ್ಲಿ ಗುರುತು ಹಾಕಿ.
ನೆರೆ ಅನ್ನಲಾರೆ, ನೀರು ಪಾದ ದಾಟಿಲ್ಲ.
ಬರ ಅಂದರೆ ನಗುತ್ತಾರೆ,
ಕಚೇರಿಯ ಮಾಳಿಗೆ ಇನ್ನೂ ಸೋರುತ್ತಿದೆ.
ಆದರೂ ಪೆನ್ನು ಆ ಮನೆಯ ಮೇಲೆ
ಸ್ವಲ್ಪ ಹೊತ್ತು ನಿಂತಿತು.
ಹಾಕಿದೆ: ಇತರೆ.

ಎಂಟೇ ದಿನಕ್ಕೆ ವಾಪಸ್ ಬಂತು, ಕೆಂಪು ಶಾಯಿಯಲ್ಲಿ:
'ಇತರೆ ಎಂದರೇನು? ವಿವರಿಸಿ.'
ವಿವರಿಸಲು ಬಿಟ್ಟ ಜಾಗ ಒಂದೂವರೆ ಗೆರೆ.

ಗರಸು ಹೇರಿದ ಟ್ರ್ಯಾಕ್ಟರು ಹನ್ನೊಂದು ಸಲ ಬಂದು ಹೋಗಿದೆ.
ಇಮಾಂಬು ಕಟ್ಟೆಯ ಮೇಲೆ ಸ್ಟೋ ಹೂಡಿದ್ದಾಳೆ.
ಹೋದದ್ದರಲ್ಲಿ ಹಂಚಿನದೊಂದೇ ಅವಳಿಗೆ ಸಂಕಟ,
ತವರಿನದಂತೆ, ಚೆನ್ನಾಗಿ ಪಳಗಿತ್ತಂತೆ.
ಅದನ್ನು ಬರೆಯಲೂ ಫಾರ್ಮಿನಲ್ಲಿ ಮನೆ ಇಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ
ನಮ್ಮ ನಡುಮನೆಯ ನೆಲಕ್ಕೆ ಹಿಮ್ಮಡಿ ಬಡಿದು
ಕಿವಿಗೊಡುತ್ತೇನೆ.
ಇನ್ನೊಂದು ಸಲ. ಮೂಲೆಗೆ ಸರಿದು ಮತ್ತೊಂದು ಸಲ.
ಕೌದಿಯೊಳಗಿಂದ ಮಗಳು ಕೇಳಿದಳು,
"ಯಾರನ್ನ ಕರೀತಿ ಅಪ್ಪಾ?"
ಹೊರಗೆ ಉತ್ತರಿ ಮಳೆ
ಆಗಷ್ಟೇ ಶುರುವಾಗಿತ್ತು.