ಷರಾ

ಪೆನ್ಸಿಲ್ ಕಚ್ಚುತ್ತ ಕೇಳುತ್ತಾಳೆ ಎಲ್ರೀಸಾ:
ಊಪಾ, ಶಾಲೆಗೆ ಪಟ್ಟಿ ಬೇಕು,
ವಿಶ್ವಕಪ್ಪಿನಲ್ಲಿ ನಮೀಬಿಯಾ
ಆಡಿದ್ದೆಷ್ಟು, ಗೆದ್ದದ್ದೆಷ್ಟು?

ಆಡಿದ್ದು ಮೊದಲು ಬರಿ, ಅಂದೆ. ಇಪ್ಪತ್ತಾರು.
ಗೆದ್ದದ್ದು?
ಆ ಕಿಟಕಿ ಮುಚ್ಚು ಮರಿ,
ಮೀನುಹಿಟ್ಟಿನ ವಾಸನೆ ಒಳಗೆ ನುಗ್ಗುತ್ತಿದೆ.

ನನ್ನ ಪುಸ್ತಕ ರಗ್ಬಿಗೆಂದು ಹೊಲಿದದ್ದಲ್ಲ.
ಡಬ್ಬಿ ಕಾರ್ಖಾನೆಯಲ್ಲಿ ತೂಕದ ಗುಮಾಸ್ತನಾಗಿದ್ದಾಗ
ಕೋಟಿನೊಳಗೆ ಅಡಗಿಸಿ ತಂದ ಖಾಲಿ ಖಾತೆ.
ಅಚ್ಚಾದ ಗೆರೆಗಳು ಹಾಗೇ ಇವೆ:
ದೋಣಿಯ ಹೆಸರು. ಹಿಡಿದದ್ದು. ಕೈಬಿಟ್ಟದ್ದು. ಷರಾ.

ತೊಂಬತ್ತೊಂಬತ್ತು. ದೋಣಿ: ಕೆನಡಾ.
ಹಿಡಿದದ್ದು ಹನ್ನೊಂದು, ಕೈಬಿಟ್ಟದ್ದು ಎಪ್ಪತ್ತೆರಡು.
ಷರಾ: ಹೊಸಬರು. ಕಲಿಯುತ್ತಾರೆ.

ಎರಡು ಸಾವಿರದ ಮೂರು. ಆಸ್ಟ್ರೇಲಿಯಾ.
ಹಿಡಿದದ್ದು ಸೊನ್ನೆ.
ಕೈಬಿಟ್ಟದ್ದರ ಮನೆ ಎರಡೇ ಅಂಕಿಯಷ್ಟು ಅಗಲ,
ಇಷ್ಟು ಮೀನು ಒಂದೇ ದೋಣಿಯಿಂದ ಜಾರೀತೆಂದು
ಗೆರೆ ಎಳೆದವನಿಗೆ ಹೊಳೆದಿರಲಿಲ್ಲ.
ನೂರ ನಲವತ್ತೆರಡರ ಎರಡು
ಗೆರೆ ಹಾರಿ ಷರಾದೊಳಗೆ ಬಿದ್ದು ಕೂತಿದೆ.
ಪಕ್ಕದಲ್ಲಿ ಬರೆಯಲು ಜಾಗವೂ ಇಲ್ಲ, ಮಾತೂ ಇಲ್ಲ.

ಆಫ್ರಿಕಾ ಕಪ್ಪಿನ ಗೆಲುವುಗಳು ಹಿಂದಿನ ಪುಟದಲ್ಲಿವೆ,
ಅವನ್ನು ಯಾರೂ ಕೇಳುವುದಿಲ್ಲ.
ಮನೆಯಲ್ಲಿ ಹುಲಿ, ಅನ್ನುತ್ತಾರೆ, ಮಿಕ್ಕ ಅರ್ಧ ನುಂಗಿಕೊಂಡು.

ಹದಿನೈದರ ಜಾರ್ಜಿಯಾ ನೋಡು:
ಹದಿನಾರು. ಹದಿನೇಳು.
ಇದರ ಷರಾ ಇನ್ನೂ ಬರೆದಿಲ್ಲ.
ಬರೆಯಲು ಕೂತಾಗಲೆಲ್ಲ ಚಹಾ ಆರುತ್ತದೆ.

ತಂಡಕ್ಕೆ ಮರಳುಗಾಡಿನ ಆ ಗಿಡದ ಹೆಸರು, ವೆಲ್ವಿಚಿಯಾ.
ಹುಟ್ಟಿನಿಂದ ಸಾವಿನವರೆಗೆ ಎರಡೇ ಎಲೆ.
ಗಾಳಿ ಅದನ್ನೇ ಸೀಳಿ ಸೀಳಿ
ದೂರದಿಂದ ನೋಡಿದವರಿಗೆ ಪೊದೆಯೆನಿಸುತ್ತದೆ.
ಸುಂದರ ಗಿಡವೆಂದು ಯಾರೂ ಹೇಳಲಾರರು. ಸಾಯುವುದು ಮಾತ್ರ ಬಹಳ ತಡ.

ಅಯ್ಯೋ ಊಪಾ, ಇಲ್ಲೊಂದು ಸಾಲು ತಪ್ಪಾಗಿದೆ.
ಎರಡೂ ಕಡೆ ಸೊನ್ನೆ!

ತಪ್ಪಲ್ಲ. ಅದು ಕಮಾಯಿಶಿ.
ಸುನಾಮಿ ಒಯ್ದ ಶಾಲೆಯ ಜಾಗದಲ್ಲಿ
ಜಪಾನಿನವರು ಕಟ್ಟಿದ ಮೈದಾನ.
ಎದುರಿಗೆ ಮತ್ತೆ ಅದೇ ಕೆನಡಾ. ಈ ಸಲ ಗೆದ್ದೇವೆಂದು
ಬೆಳಗಿನ ಜಾವ ನಾಲ್ಕಕ್ಕೇ ಎದ್ದು ರೇಡಿಯೋ ಹಾಕಿದ್ದೆ.
ಚಂಡಮಾರುತ ಬಂದಿದೆ, ಪಂದ್ಯವಿಲ್ಲ, ಅಂದರು.
ಎದುರಾಳಿ ಹುಡುಗರು ಸಲಿಕೆ ಹಿಡಿದು
ಬೀದಿಯ ಕೆಸರು ಬಳಿದರಂತೆ.
ಆಡದ್ದಕ್ಕೆ ಅವರಿಗೆರಡು ಅಂಕ, ನಮಗೆರಡು.

ಹಾಗಾದರೆ ಬಿರುಗಾಳಿ ನಮ್ಮ ಕಡೆ ಆಡಿತು, ಅಂದಳು.
ಆ ಗಾಳಿಗೆ ಜನ ಸತ್ತರು, ಅಂದೆ.
ಪೆನ್ಸಿಲ್ ಕೆಳಗಿಟ್ಟಳು.

ಬಹಳ ಹೊತ್ತಿನ ಮೇಲೆ: ನೀನು ಆಡಿದ್ದೆಯಾ?

ಆಡಿದ್ದೆ. ಆಗ ವಾಲ್ವಿಸ್ ಬೇ ಈ ದೇಶದ್ದಲ್ಲ.
ಹುಲ್ಲಿನ ಮೈದಾನ ಬಿಳಿಯರದು,
ನಾರಾವಿಲ್‌ನ ನಮಗೆ ರೈಲುಹಳಿಯಾಚೆಯ ಜಲ್ಲಿ.
ಬಿದ್ದವನನ್ನು ಎತ್ತುವ ಮೊದಲು
ಅವನ ಮೈಯಿಂದ ನೆಲವನ್ನು ಕೀಳಬೇಕು.
ಶನಿವಾರ ಶನಿವಾರ ಗೆಲ್ಲುತ್ತಿದ್ದೆವು.

ಎಷ್ಟು ಗೆದ್ದಿರಿ?

ಯಾರು ಬರೆದಿಟ್ಟರು?
ನಾವು ಗೆಲ್ಲುತ್ತಿದ್ದಾಗ ಖಾತೆಯಿರಲಿಲ್ಲ.
ಇವರು ಸೋತದ್ದನ್ನಾದರೂ
ಊರೂರಿನ ಫಲಕ ಕೂಗಿ ಹೇಳುತ್ತದೆ,
ನಮ್ಮ ಬಾವುಟ ಏರಿಸಿದ ಮೇಲೆ.

ಇಲ್ಲಿ ಕೈ ಕೊಡು. ಮಂಡಿಯ ಕೆಳಗೆ, ಚರ್ಮದೊಳಗೆ,
ಬಟಾಣಿಯಷ್ಟು ಗಟ್ಟಿ. ಸಿಕ್ಕಿತೇ?
ಎಪ್ಪತ್ತೊಂದರ ಕಲ್ಲು.

ಅವಳ ಬೆರಳು ಅದನ್ನು ಅತ್ತಿತ್ತ ಉರುಳಿಸುತ್ತದೆ.
ಇದನ್ನು ಯಾವ ಮನೆಯಲ್ಲಿ ಬರೆಯಲಿ ಊಪಾ,
ಹಿಡಿದದ್ದೋ, ಕೈಬಿಟ್ಟದ್ದೋ?

ಹೊರಗೆ ಮಂಜು ಇಳಿದಿದೆ. ಬಂದರಿನಲ್ಲಿ ಯಾವುದೋ ಹಡಗು
ಕಾಣದ ಇನ್ನೊಂದಕ್ಕೆ ಕೂಗುತ್ತಿದೆ.
ದೀಪ ಹಾಕು, ಅಂದೆ, ಮೊದಲು ಆ ಹದಿನೇಳನ್ನು
ನೆಟ್ಟಗೆ ಬರಿ. ಒಂದು ಒಂದರಂತೆಯೇ ಕಾಣಬೇಕು.